ಬೇರಿಲ್ಲದ ಬೇವು

"ಲೇ ಮುದುಕಿ, ಬಗ್ಗಿ ಚುಚ್ಚು! ಟೊಂಗಿ ವಾಲಿದ್ರ ನಿನ್ನ ಹಲ್ಲು ಉದುರಸ್ತೀನಿ."

ಸುಪರ್‌ವೈಸರ್ ಚನ್ನವೀರನ ಬಾಯಿಯೇ ಹಾಗೆ. ಆದೆಮ್ಮ ಬಗ್ಗಿದಳು. ಪೋತ್ನಾಳದಾಚೆಯ ತೌಡೆಣ್ಣೆ ಕಾರ್ಖಾನೆ ತನ್ನ ಬಾಯ್ಲರಿನ ಬೂದಿಯನ್ನೆಲ್ಲ ಸುರಿದದ್ದು ಊರ ಕುರಿ ಮೇಯುತ್ತಿದ್ದ ದಿಬ್ಬದ ಮೇಲೆ. ಇವತ್ತು ಆ ಬೂದಿಗೆ ಕೆಂಪುಮಣ್ಣು ಹೊದಿಸಿ, ಕಡಿದು ತಂದ ಬೇವಿನ ಟೊಂಗೆಗಳನ್ನು ಹೆಂಗಸರ ಕೈಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಎದುರಿಗೆ 'ಹಸಿರು ವನ' ಎಂಬ ಬೋರ್ಡು.

"ಇದ್ಯಾಕ್ರೀ ಈ ನಾಟಕ?" ಆದೆಮ್ಮನ ಸೊಸೆ ಯಶೋದಾ ಚನ್ನವೀರನನ್ನು ಕೇಳಿದಳು.

"ಬಂಬೈದಿಂದ ರೊಕ್ಕ ಹಾಕೋರು ಬರಾಕತ್ತ್ಯಾರ. ಈಗ ಬರೇ ಲಾಭ ನೋಡಂಗಿಲ್ಲ ಅವ್ರು. ಗಾಳಿ, ನೀರು, ಗಿಡಕ್ಕೂ ಮಾರ್ಕ್ಸ್ ಕೊಡ್ತಾರ. ಮಾರ್ಕ್ಸ್ ಬಂದ್ರ ಕಂಪನಿ ಶೇರು ಮ್ಯಾಲೇರ್ತದ."

"ನಮಗೇನು ಏರ್ತದ್ರೀ?"

"ಕುಂಡಿಗಿ ಒದ್ರ ಗೇಟಿನಾಚಿ ಬೀಳ್ತೀ. ಬಾಯಿ ಮುಚ್ಚು."

ಆದೆಮ್ಮನಿಗೆ ಮನೆಯ ಗೋಡೆಗೆ ಒರಗಿ ಕೂತ ಗಂಡ ಸಾಬಣ್ಣ ನೆನಪಾದ. ಇದೇ ದಿಬ್ಬದಲ್ಲಿ ಕುರಿ ಕಾಯ್ದವನು. ಈಗ ಆ ಬೂದಿ ಎದೆಗಿಳಿದು, ಮಲಗಿದರೆ ಕೆಮ್ಮಿ ಕೆಮ್ಮಿ ಉಸಿರು ಕಟ್ಟುತ್ತದೆ.

ಮಧ್ಯಾಹ್ನ ಕಾರುಗಳು ಬಂದವು. ಇಳಿದ ಸಾಹೇಬನೊಬ್ಬ ಆದೆಮ್ಮನನ್ನು ನೋಡಿ, ಕಾರ್ಖಾನೆಯಿಂದ ಊರಿಗೇನಾದರೂ ತೊಂದರೆಯಿದೆಯೇ ಎಂದು ಹಿಂದಿಯಲ್ಲಿ ಕೇಳಿದ. ಚನ್ನವೀರ ಹಿಂದಿಯಲ್ಲೇ ನಡುವೆ ಬಾಯಿ ಹಾಕಿದ. ಇವಳಿಗೆ ಕನ್ನಡ ಬಿಟ್ಟು ಬೇರೆ ಬಾರದು, ಕಂಪನಿಯೇ ತಾಯಿ ಎನ್ನುತ್ತಾಳೆ ಎಂದ.

ಪಕ್ಕದ ಮನೆಯ ಕುಬ್ರಾ ಬೇಗಂ ಜೊತೆ ಆಡಿ ಬೆಳೆದವಳಿಗೆ ಆ ಮಾತು ಬಾರದೇನು?

"ಝೂಟ್ ಬೋಲ್ತಾ ಸಾಬ್," ಎಂದಳು ಆದೆಮ್ಮ. ಒಂದು ಟೊಂಗೆ ಕಿತ್ತು, ಬೇರಿಲ್ಲದ ಕೊಡಲಿಯೇಟಿನ ಬುಡವನ್ನು ಸಾಹೇಬನ ಮುಖದೆದುರು ಹಿಡಿದಳು. "ದೇಖೋ, ಜಡಾಂಚ್ ನೈ."

"ಬೋಸುಡಿ, ನಾಳಿಂದ ನಿನಗ ಗೇಟ್ ಬಂದ್!" ಚನ್ನವೀರ ಅರಚಿದ.

"ಇವತ್ತೇ ಬಂದ್ ಮಾಡಲೇ!" ಯಶೋದಾ ಇನ್ನೊಂದು ಕಿತ್ತಳು. ಮಿಕ್ಕ ಹೆಂಗಸರೂ ಕಿತ್ತರು. ಮಣ್ಣು ಬಿರಿದು ಬೂದಿ ಎದ್ದಿತು. ಬಂದವರು ಮೂಗು ಮುಚ್ಚಿಕೊಂಡು ಕಾರು ಹೊಕ್ಕು ಗಾಜು ಏರಿಸಿದರು.

ಕಾರು ತಿರುಗುವಷ್ಟರಲ್ಲಿ ಆದೆಮ್ಮ ದಾರಿಗಡ್ಡ ನಿಂತಿದ್ದಳು.

"ಊರು ನೋಡಲಾರ್ದ ಮಾರ್ಕ್ಸ್ ಹ್ಯಾಂಗ ಹಾಕ್ತಾರಂತ ಕೇಳಲೇ ಚನ್ನವೀರ. ನಮ್ಮ ಮನಿಗಿ ಬರ್ಲಿ. ನನ್ನ ಗಂಡ ಕೆಮ್ಮೋದು ಕೇಳ್ಲಿ. ರೊಟ್ಟಿ ಬಡದು ಹಾಕ್ತೀನಿ. ಬೂದಿ ಬಿದ್ದಿರ್ತದ, ಝಾಡಿಸ್ಕೊಂಡು ಉಣ್ಲಿ. ಹೇಳು, ನಿನಗ ಹಿಂದಿ ಬರ್ತದಲ್ಲ!"

ಡ್ರೈವರ್ ಹಾರ್ನ್ ಒತ್ತಿ ಹಿಡಿದ. ಆದೆಮ್ಮ ಸೆರಗು ಸಿಗಿಸಿಕೊಂಡು, ಕಾರಿನ ಗಾಲಿಗೆ ಬೆನ್ನು ಕೊಟ್ಟು ಕುಳಿತಳು.