ತಕ್ಕಡಿ ಮಾವನ ಸೌದೆ ಲೆಕ್ಕ

ಕೈಗೆ ಯಾವ ವಸ್ತು ಬಂದರೂ ತಕ್ಕಡಿ ಮಾವ ಅದನ್ನು ಮೊದಲು ನೋಡುತ್ತಿರಲಿಲ್ಲ. ಅಂಗೈಯಲ್ಲಿ ಎತ್ತಿ, ಮೆಲ್ಲಗೆ ಆಡಿಸಿ, ಕಣ್ಣು ಅರೆಮುಚ್ಚಿ ತೂಕ ಹೇಳುತ್ತಿದ್ದರು. ಎದುರುಮನೆಯ ದರ್ಜಿಯ ಹೆಂಡತಿ ಹೆತ್ತು ಬಂದಾಗ, ನೋಡಲು ಹೋದವರೆಲ್ಲ ಕೂಸಿನ ಮೂಗು ಯಾರದು, ಬಣ್ಣ ಯಾರದು ಎಂದು ವಾದಕ್ಕೆ ಕೂತಿದ್ದರೆ, ಇವರು ಕೂಸನ್ನು ಎತ್ತಿಕೊಂಡು, "ಮೂರು ಕಿಲೋಗೆ ಸ್ವಲ್ಪ ಕಡಿಮೆ," ಎಂದು ಹೇಳಿ, ಸಾಮಾನು ಒಪ್ಪಿಸುವವರ ಹಾಗೆ ತಿರುಗಿ ಕೊಟ್ಟಿದ್ದರು.

ಅವರು ಸರ್ಕಾರದ ಅಂಕಿಅಂಶ ಕಚೇರಿಯಲ್ಲಿ ಸೌದೆ ಲೆಕ್ಕದ ಮೇಜಿನವರು. ದೇಶದಲ್ಲಿ ವರ್ಷಕ್ಕೆಷ್ಟು ಸೌದೆ ಕಡಿದರು, ಅದರಲ್ಲಿ ಇದ್ದಿಲಿಗೆಷ್ಟು, ಒಲೆಗೆಷ್ಟು ಎಂದು ತಿಳಿಯಬೇಕಾದರೆ ಕಾಡಿನಲ್ಲಿ ನಿಂತು ಎಣಿಸಿ ಪ್ರಯೋಜನವಿಲ್ಲ, ಆಯ್ದು ತಂದ ಕಟ್ಟಿಗೆಗೆ ರಸೀದಿ ಎಲ್ಲಿದೆ, ಒಲೆಯ ಬುಡದಲ್ಲೇ ಹಿಡಿಯಬೇಕು ಎಂಬುದು ಅವರ ಸಿದ್ಧಾಂತ. ಹಾಗೆಂದು ತಮ್ಮ ಬೀದಿಯ ಮನೆಗಳನ್ನೇ ಮಾದರಿ ಮನೆಗಳೆಂದು ಆರಿಸಿದ್ದರು. ವಾರಕ್ಕೊಮ್ಮೆ ಹೋಗಿ ಹಿತ್ತಿಲ ಸೌದೆಯನ್ನು ಕೊಕ್ಕೆ ತಕ್ಕಡಿಗೆ ನೇತುಹಾಕುವುದು. ಹೋದ ವಾರಕ್ಕಿಂತ ಎಷ್ಟು ಕಡಿಮೆಯೋ ಅಷ್ಟು ಉರಿಯಿತೆಂದು ಬರೆಯುವುದು. ಆ ತಕ್ಕಡಿ ಅವರ ಕಂದು ಕೋಟಿನ ಬಲಜೇಬಿನಲ್ಲಿ ಸದಾ ಇದ್ದುದರಿಂದ ಕೋಟು ಒಂದು ಕಡೆ ಜೋತು, ಅವರ ನಡಿಗೆಯೂ ಬಲಕ್ಕೆ ವಾಲಿತ್ತು. ನಾಯಿ ಅಟ್ಟಿಸಿಕೊಂಡು ಬಂದರೂ ಅವರು ವಾಲಿಕೊಂಡೇ ಓಡುತ್ತಿದ್ದರು.

ಇದೆಲ್ಲ ಇರಲಿ, ಲೋಕದಲ್ಲಿ ಎಂತೆಂಥವರೋ ಇದ್ದಾರೆ. ತಲೆ ಚಚ್ಚಿಕೊಳ್ಳುವ ಸಂಗತಿ ಬೇರೆ. ಆ ಮಾದರಿ ಮನೆಗಳಲ್ಲಿ ಅವರ ಸ್ವಂತ ಮನೆಯೂ ಒಂದು.

ಅವರ ಹೆಂಡತಿ ಬೀದಿಗೆಲ್ಲ ಅಕ್ಕ. ಮದುವೆಯಾಗಿ ಬಂದಂದಿನಿಂದ ಅದೇ ಕುರುಡುಗತ್ತಲೆಯ ಅಡುಗೆಮನೆ, ಅದೇ ಒಲೆ, ಅದೇ ಊದುಕೊಳವೆ. ಬೀದಿಗೆ ಗ್ಯಾಸ್ ಬಂತು, ಒಂದೊಂದೇ ಮನೆಯ ಗೋಡೆ ಬೆಳ್ಳಗಾಯಿತು; ಅಕ್ಕನ ಕೆಮ್ಮು ಮಾತ್ರ ಗಟ್ಟಿಯಾಗುತ್ತ ಹೋಯಿತು. ಎದೆಗೆ ಕೊಳವೆ ಇಟ್ಟು ನೋಡಿದ ಡಾಕ್ಟರು, "ಇನ್ನೂ ಹೊಗೆ ಕುಡಿದ್ರೆ ನನ್ನ ಔಷಧಿ ದಂಡ," ಎಂದು ಬಾಯಿಬಿಟ್ಟೇ ಹೇಳಿದ್ದರು.

"ಗ್ಯಾಸ್ ತಂದುಹಾಕ್ರೀ," ಎಂದರೆ ಮಾವನದು ಒಂದೇ ಉತ್ತರ: "ಮಾದರಿ ಮನೆ ಮಧ್ಯದಲ್ಲಿ ಬದಲಾದ್ರೆ ವರ್ಷವರ್ಷದ ಅಂಕಿಗಳ ಸರಣಿ ಕಡಿದುಹೋಗುತ್ತೆ ಕಣೇ."

"ನನ್ನ ಉಸಿರು ಕಡಿದುಹೋದ್ರೆ?"

"ಹಾಗಂತ ಈಗ್ಲೇ ಹೇಳೋಕಾಗಲ್ಲ."

ಗೋಡೆಗೆ ಅಂಟಿಸಿದ ಸೌದೆ ಲೆಕ್ಕದ ಗೆರೆನಕ್ಷೆಯೊಂದನ್ನು ಅವರು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದರು. ದೇಶ ಮುಂದುವರಿದಂತೆ ಸೌದೆ ಇಳಿಯುತ್ತದೆಂದು ಪಂಡಿತರೆಲ್ಲ ಬರೆದಿದ್ದಾರಂತೆ. ಇವರ ಗೆರೆ ಇಳಿಯುವುದಿರಲಿ, ಬಾಗುವ ಲಕ್ಷಣವೂ ಇಲ್ಲ. "ಗ್ಯಾಸ್ ಬಂದ್ರೂ ಜನ ಒಲೆ ಬಿಡಲ್ಲ, ಗೊತ್ತಾ? ಇದನ್ನ ಕಂಡುಹಿಡಿದೋನು ನಾನೇ," ಎನ್ನುವಾಗ ಆ ಒಣಮುಖದಲ್ಲಿ ಮದುಮಗನ ಕಳೆ. ಒಳಗಿನಿಂದ ಅಕ್ಕ ಕೆಮ್ಮಿದರೆ, ದನಿ ಏರಿಸಿ ಮಾತು ಮುಂದುವರಿಸುತ್ತಿದ್ದರು.

ಒಂದು ಬೆಳಿಗ್ಗೆ, ಅದು ತೂಕದ ದಿನ, ಅಕ್ಕ ಸೂಜಿ ಕೇಳಲೆಂದು ದರ್ಜಿಯ ಮನೆಯ ಹಿತ್ತಿಲ ಬಾಗಿಲಿಗೆ ಹೋದಳು. ನೋಡಿದರೆ ದರ್ಜಿಯ ಹೆಂಡತಿ ಸೌದೆ ಕಂತೆಯೊಂದನ್ನು ಗೋಡೆಯಾಚೆಗೆ ದಾಟಿಸುತ್ತಿದ್ದಾಳೆ, ಆಚೆಯಿಂದ ಬಳೆಯ ಕೈಗಳೆರಡು ಇಸಿದುಕೊಳ್ಳುತ್ತಿವೆ.

"ಇದೇನೇ, ಸೌದೆ ಕಳ್ಳಸಾಗಣೆ?"

ದರ್ಜಿಯ ಹೆಂಡತಿ ನಾಲಿಗೆ ಕಚ್ಚಿಕೊಂಡಳು. "ಅಕ್ಕಾ, ನಿಮ್ಮ ದಮ್ಮಯ್ಯ, ಮಾವಂಗೆ ಹೇಳ್ಬೇಡಿ. ಅವರು ಬರೋ ಹೊತ್ತಾಯ್ತು. ನಮ್ಮನೇಲಿ ಕಮ್ಮಿ ಆಗ್ಬೇಕು, ಪಕ್ಕದ ಮನೇಲಿ ಹೊಸದಾಗಿ ತಂದ ಹಾಗಿರ್ಬೇಕು. ಮುಂದಿನ ವಾರ ಪಕ್ಕದೋರು ಆಚೆ ಮನೆಗೆ ದಾಟಿಸ್ತಾರೆ."

"ಒಲೆ?"

"ಒಲೆ ಎಲ್ಲಿದೆ ಅಕ್ಕಾ! ಯಾವ ಮನೇಲೂ ಇಲ್ಲ. ಗ್ಯಾಸ್ ತಗೊಂಡ್ವಿ ಅಂತ ಹೇಳಿದ್ದಕ್ಕೆ ಮೂಲೆಮನೆಯೋರಿಗೆ ಇಡೀ ಮಧ್ಯಾಹ್ನ ಸರಣಿ ಪಾಠ ಮಾಡಿದ್ರು, ಪಾಪ ಅವರ ಹಾಲು ಸೀದುಹೋಯ್ತು. ಅದಕ್ಕೆ ನಾವೆಲ್ಲ ಯೋಚನೆ ಮಾಡಿದ್ವಿ, ಪಾಠ ಕೇಳೋದಕ್ಕಿಂತ ಸೌದೆ ಹೊರೋದೇ ವಾಸಿ."

ಅಕ್ಕ ಗೋಡೆ ಹಿಡಿದು ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು. ಇಡೀ ಬೀದಿಗೆ ಒಲೆ ಇದ್ದದ್ದು ಒಂದೇ ಮನೆಯಲ್ಲಿ. ಹೊಗೆ ಕುಡಿದದ್ದು ಒಂದೇ ಜೀವ.

ಮಾವ ವಾಲಿಕೊಂಡು ಬಂದಾಗ ಅವಳೇ ಕೋಟಿನ ತೋಳು ಹಿಡಿದು ಮನೆಮನೆಗೆ ಎಳೆದೊಯ್ದು ಅಡುಗೆಮನೆಗಳನ್ನು ತೋರಿಸಿದಳು. ಕೊನೆಗೆ ಮಾವ ಕಂತೆಯಿಂದ ಒಂದು ಕೊರಡನ್ನು ಎಳೆದು, ಅದರ ಗಂಟನ್ನು ಗುರುತು ಹಿಡಿದವರಂತೆ ನೋಡಿ, "ಬಹಳ ಒಣಗಿದೆ," ಎಂದರು. ಒಣಗದೆ ಏನು? ವರ್ಷಗಟ್ಟಲೆ ಉರಿಯದೆ ಬೀದಿ ಸುತ್ತಿದ ಕೊರಡು.

ಮನೆಗೆ ಬಂದು ನಕ್ಷೆಯ ಗೆರೆಯ ಮೇಲೆ ಬೆರಳಾಡಿಸಿದರು. ಅಕ್ಕನಿಗೆ ಒಂದು ಕ್ಷಣ ಅಯ್ಯೋ ಪಾಪ ಎನಿಸಿತು. ಆಗ ಅವರು ತಿರುಗಿ, ಕಣ್ಣಲ್ಲಿ ಹೊಸ ಬೆಳಕು ತುಂಬಿಕೊಂಡು ಹೇಳಿದರು: "ಹಾಗಾದ್ರೆ ಉಳಿದ ನಿಜವಾದ ಮಾದರಿ ಮನೆ ನಮ್ಮದೊಂದೇ! ಇನ್ನಂತೂ ಒಲೆ ಬಿಡೋ ಹಾಗೇ ಇಲ್ಲ ಕಣೇ."

ಅಕ್ಕ ಒಳಗೆ ಹೋಗಿ, ಕೊಡ ಎತ್ತಿ, ಧಗಧಗ ಉರಿಯುತ್ತಿದ್ದ ಒಲೆಗೆ ಸುರಿದಳು. ಚುಂಯ್ ಎಂದು ಬೂದಿ ಮುಖಕ್ಕೆ ಹಾರಿತು. ಆ ಬೂದಿಮುಖದಲ್ಲೇ ಹೊರಬಂದು, "ಬರ್ಕೊಳ್ಳಿ," ಎಂದಳು, "ಈ ಮನೇಲಿ ಇವತ್ತಿಂದ ಸೊನ್ನೆ."

ಮಾವ ಬೇಡಿಕೊಂಡರು, ರೇಗಿದರು, ದೇಶದ ಹೆಸರು ಹೇಳಿದರು. ಬ್ರೆಡ್ಡು, ಬಾಳೆಹಣ್ಣಿನಲ್ಲಿ ವಾರ ಕಳೆಯಿತು. ತೂಕದ ದಿನ ಬಂದಾಗ ಅವರು ತಮ್ಮ ಹಿತ್ತಿಲ ಸೌದೆ ತೂಗಿದರು. ಒಂದು ಕಡ್ಡಿಯೂ ಕಡಿಮೆಯಾಗಿರಲಿಲ್ಲ. ಇನ್ನೊಬ್ಬನಾಗಿದ್ದರೆ ಏನೋ ಒಂದು ಬರೆದು ಕೈತೊಳೆದುಕೊಳ್ಳುತ್ತಿದ್ದ. ಇವರು ಸೊನ್ನೆಯನ್ನೇ ಬರೆದರು, ಬೀದಿಯ ಎಲ್ಲ ಮನೆಗೂ ಬರೆದರು. ಇಷ್ಟು ಇಳಿತ ಸಾಧ್ಯವಿಲ್ಲ, ತಿದ್ದಿ ಕಳಿಸಿ ಎಂದು ಮೇಲಿನ ಕಚೇರಿ ವಾಪಸು ಹಾಕಿತು. ತಿದ್ದಲಿಲ್ಲ, ಬರಬೇಕಾಗಿದ್ದ ಬಡ್ತಿಯೂ ಬರಲಿಲ್ಲ. ಆ ಸೊನ್ನೆ ಬರೆದ ಮರುದಿನವೇ ಗ್ಯಾಸಿಗೆ ಹೆಸರು ಬರೆಸಿ ಬಂದಿದ್ದರು. ಹೆಂಡತಿಯ ಎದೆ ನೆನೆದು ಬರೆಸಿದರೇ? ಅಕ್ಕ ಕೇಳಿಯೂ ನೋಡಿದಳು. "ಸೊನ್ನೆ ಬಂದ ಮೇಲೆ ಸರಣಿ ಎಲ್ಲಿ ಉಳೀತು?" ಎಂದರು ಮಹಾಶಯರು.

ಇಂಥವರು ಕೆಟ್ಟವರಲ್ಲ. ಸುಳ್ಳು ಬರೆಯಲು ಕೈ ಏಳದವರನ್ನು ಕೆಟ್ಟವರೆಂದರೆ ಬಾಯಿಗೆ ಹುಳ ಬಿದ್ದೀತು. ಆದರೆ ಅಳು ಅವರ ಕಿವಿಗೆ ಬೀಳುವುದಿಲ್ಲ, ಕೆಮ್ಮು ಬೀಳುವುದಿಲ್ಲ, ಡಾಕ್ಟರ ಮಾತೂ ಬೀಳುವುದಿಲ್ಲ. ಬೀಳುವುದು ಅಂಕಿ ಒಂದೇ. ಅವರ ಜೊತೆ ಬಾಳಬೇಕಾದವರು, ಬೇಡಿ ಬೇಡಿ ಗಂಟಲು ಒಣಗಿಸಿಕೊಳ್ಳುವ ಬದಲು, ಅಕ್ಕನ ಸೊನ್ನೆಯ ಹಾಗೆ ಕೊಂಚ ಬೇಗನೆ ಒಂದು ಅಂಕಿಯಾಗಿಬಿಡುವುದು ಒಳ್ಳೆಯದು.