ಗೆರ್ಲಿನ್ ಕಾರ್ಡು, ಮಿರ್ಲಾಂದ್ ಮಗು

ಇದು ನಮ್ಮ ಓಣಿಯಲ್ಲೇ ನಡೆದದ್ದು. ಇದರಲ್ಲಿ ಒಂದೇ ಒಂದು ಸುಳ್ಳಿದೆ. ಅದನ್ನು ಆಸ್ಪತ್ರೆಯಲ್ಲಿ ಹೇಳಬೇಕೆಂದು ಹೊರಟವನು ಅನೆಲ್. ಅವನಿಗಿಂತ ಮೊದಲು ಹೇಳಿ ಮುಗಿಸಿದವಳು ಫಿಲೊಮಿಸ್. ಉಳಿದದ್ದೆಲ್ಲ ನಿಜ.

ಹೈಟಿಯಿಂದ ಹೊರಟು, ಏಳೆಂಟು ದೇಶ ದಾಟಿ, ಮೆಕ್ಸಿಕೋದ ತಿಹುವಾನಾಕ್ಕೆ ಬಂದು ನಿಂತವರು ನಾವು. ಗುಡ್ಡದ ಮೇಲೆ, ಹಳೆಯ ಟೈರು ಹೂತು ಮಾಡಿದ ಮೆಟ್ಟಿಲುಗಳ ಎರಡೂ ಕಡೆ ನಮ್ಮ ಮನೆಗಳು. ತಿರುವಿನ ಮನೆಯಲ್ಲಿ ಗಾರೆ ಕೆಲಸದ ಅನೆಲ್ ಮತ್ತು ಅವನ ಹೆಂಡತಿ ಮಿರ್ಲಾಂದ್. ಅವಳಿಗೆ ಎಂಟೂವರೆ ತಿಂಗಳು. ತಾಯಿ ಕಳಿಸಿದ ಕಪ್ಪು ಹರಳೆಣ್ಣೆ ಊರಿಂದ ಬಂದಾಗಿತ್ತು. ಬಾಣಂತಿ ಸ್ನಾನದ ಸೊಪ್ಪು ಹಗ್ಗದಲ್ಲಿ ಒಣಗುತ್ತಿತ್ತು. ಇಬ್ಬರಿಗೂ ಇಲ್ಲದ್ದು ಒಂದೇ, ಈ ದೇಶದಲ್ಲಿ ಇರಲು ಬೇಕಾದ ಕಾಗದ.

ಅನೆಲ್ ಒಂದು ದಾರಿ ಕಂಡುಕೊಂಡಿದ್ದ. ಮಿರ್ಲಾಂದ್‌ಳ ಚಿಕ್ಕಪ್ಪನ ಮಗಳು ಗೆರ್ಲಿನ್ ಟಿವಿ ಜೋಡಿಸುವ ಕಾರ್ಖಾನೆಯಲ್ಲಿದ್ದಳು. ಅವಳಿಗೆ ವಾಸದ ಪರವಾನಗಿ ಇತ್ತು, ಆಸ್ಪತ್ರೆಯ ವಿಮೆ ಕಾರ್ಡೂ ಇತ್ತು. ಅದನ್ನು ಅನೆಲ್ ಕೇಳಿ ತಂದಿದ್ದ. ನೋವು ಬಂದಾಗ ಆ ಕಾರ್ಡು ಹಿಡಿದು ಮಿರ್ಲಾಂದ್ ಒಳಗೆ ಹೋದರಾಯಿತು.

ನಮ್ಮ ಊರಲ್ಲಿ ಇದನ್ನು ಯಾರೂ ದೊಡ್ಡ ತಪ್ಪೆಂದು ನೋಡುತ್ತಿರಲಿಲ್ಲ. ಎಷ್ಟೋ ಮಕ್ಕಳಿಗೆ ಜನನ ಪತ್ರವೇ ಇರಲಿಲ್ಲ. ಅಣ್ಣನ ಕಾಗದದಲ್ಲಿ ತಮ್ಮ ಶಾಲೆಗೆ ಸೇರುತ್ತಿದ್ದ, ಅಕ್ಕನ ಕಾಗದದಲ್ಲಿ ತಂಗಿ ಪರೀಕ್ಷೆ ಬರೆಯುತ್ತಿದ್ದಳು. ಪಕ್ಕದ ಮನೆಯಿಂದ ದೊಡ್ಡ ಪಾತ್ರೆ ಕೇಳಿ ತಂದಷ್ಟೇ ಸಲೀಸು.

ಶನಿವಾರ ಮಧ್ಯಾಹ್ನ ಫಿಲೊಮಿಸ್ ಬಂದಳು. ಆಸ್ಪತ್ರೆಯಲ್ಲಿ ನಮ್ಮವರ ಮಾತನ್ನು ಡಾಕ್ಟರಿಗೂ ಡಾಕ್ಟರ ಮಾತನ್ನು ನಮಗೂ ತಿಳಿಸುವ ಕೆಲಸ ಅವಳದು. ಒಮ್ಮೆ ಕೇಳಿದ ದನಿಯನ್ನು ಹಾಗೇ ಮಾಡಿ ತೋರಿಸುವುದು ಅವಳ ಚಾಳಿ. ಆ ದಿನ ಮಾತ್ರ ತನ್ನದೇ ದನಿಯಲ್ಲಿದ್ದಳು.

"ಕಾರ್ಡಲ್ಲಿ ಗೆರ್ಲಿನ್ ಫೋಟೊ ಇದೆಯಲ್ಲೋ ಅನೆಲ್?"

"ಇರ್ಲಿ ಬಿಡಕ್ಕ. ಇವ್ರ ಕಣ್ಣಿಗೆ ನಮ್ಮೆಲ್ಲರದ್ದೂ ಒಂದೇ ಮುಖ. ಮೇಸ್ತ್ರಿ ನನ್ನನ್ನ ವಾರಕ್ಕೆ ಮೂರು ಹೆಸರಲ್ಲಿ ಕರೀತಾನೆ. ಮೂರಕ್ಕೂ ಓಗೊಡ್ತೀನಿ."

ಸುತ್ತಲಿದ್ದವರು ನಕ್ಕರು. ಫಿಲೊಮಿಸ್ ನಗಲಿಲ್ಲ.

"ಮಗು ಹುಟ್ಟಿದ ಮೇಲೆ ಆಸ್ಪತ್ರೆಯವ್ರು ಒಂದು ಚೀಟಿ ಕೊಡ್ತಾರೆ. ತಾಯಿ ಅಂತ ಯಾರ ಹೆಸರು ಬರೀತಾರೆ?"

"ಯಾರ್ದಾದ್ರೂ ಬರ್ಕೊಳ್ಳಲಿ. ಮಗು ನಮ್ಮನೇಲೇ ತಾನೆ ಇರೋದು?"

"ಆ ಚೀಟಿ ನೋಡೇ ಜನನ ಪತ್ರ ಮಾಡೋದು ಮಾರಾಯ. ಇಲ್ಲಿ ಹುಟ್ಟಿದ ಮಗು ಈ ದೇಶದ್ದು. ಅದರ ಅಪ್ಪ ಅಮ್ಮ ಅಂತ ನೀವಿಬ್ರೂ ವಾಸದ ಕಾಗದಕ್ಕೆ ಅರ್ಜಿ ಹಾಕ್ಬಹುದು. ಜನನ ಪತ್ರದಲ್ಲಿ ಅಮ್ಮ ಗೆರ್ಲಿನ್ ಆಗ್ಬಿಟ್ರೆ ಮಿರ್ಲಾಂದ್ ಏನಂತ ಅರ್ಜಿ ಹಾಕ್ತಾಳೆ?"

"ಅರ್ಜಿ ಹಾಕೋಕೆ ಹೋದ್ರೆ ಅಲ್ಲೇ ಹಿಡ್ಕೊಂಡು ಗಡಿ ದಾಟಿಸ್ತಾರೆ. ನಿಂಗೇನಕ್ಕ, ನಿನ್ನ ಹತ್ರ ಕಾಗದ ಇದೆ, ಮಾತೂ ಇದೆ."

"ಸರ್ಕಾರಿ ಆಸ್ಪತ್ರೇಲಿ ಹೆರಿಗೆಗೆ ಬಂದವಳನ್ನ ಕಾಗದ ಇಲ್ಲ ಅಂತ ವಾಪಸ್ ಕಳಿಸಲ್ಲ. ನಾನು ಜತೇಲಿ ಬರ್ತೀನಿ. ಪಾಸ್‌ಪೋರ್ಟ್ ಎಲ್ಲಿ?"

ಮಿರ್ಲಾಂದ್ ಒಳಗಿಂದ ತಂದು ಕೊಟ್ಟಳು. ಕಾಡು ದಾಟುವಾಗ ಹೊಳೆಯಲ್ಲಿ ನೆನೆದು ಉಬ್ಬಿದ ಪುಸ್ತಕ ಅದು.

"ಅದರ ಅವಧಿ ಮುಗಿದು ವರ್ಷ ಆಯ್ತು," ಎಂದ ಅನೆಲ್.

"ಅವಧಿ ಮುಗಿದಿದೆ. ಹೆಸರು ಮುಗಿದಿಲ್ವಲ್ಲ."

ಅನೆಲ್ ಒಪ್ಪಲಿಲ್ಲ. ನೋವು ಬಂದರೆ ಕೈಗೆ ಸಿಗಲೆಂದು ಗೆರ್ಲಿನ್‌ಳ ಕಾರ್ಡನ್ನು ಒಳಗೆ ಬಾಗಿಲ ಪಕ್ಕದ ಹಲಗೆಯ ಮೇಲಿಟ್ಟ. ಮಿರ್ಲಾಂದ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಬುಧವಾರ ಊಟದ ಹೊತ್ತು. ಅನೆಲ್ ಸಿಮೆಂಟು ಚೀಲದ ಮೇಲೆ ಕೂತು ಹುರುಳಿಕಾಯಿ ಪಲ್ಯದ ರೊಟ್ಟಿ ಬಿಚ್ಚಿದ್ದ. ಮೊಬೈಲ್ ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಆಸ್ಪತ್ರೆಯ ದಾಖಲೆ ಕಿಟಕಿಯಲ್ಲಿ ಕೂರುವ ಹೆಂಗಸಿನ ದನಿ, ಮೂಗಿನಲ್ಲಿ ಹೊರಡುವ ಸ್ಪ್ಯಾನಿಷ್.

"ಗೆರ್ಲಿನ್ ಅವ್ರ ಕಡೆಯವ್ರಾ? ಹೆರಿಗೆ ಆಯ್ತು. ಹೆಣ್ಣು ಮಗು."

ರೊಟ್ಟಿ ಕೆಳಗೆ ಬಿತ್ತು. "ಹೌದು ಮೇಡಂ, ನಾನೇ ಅಪ್ಪ! ಹೇಗಿದ್ದಾಳೆ? ಈಗ್ಲೇ ಬಂದೆ!"

"ಅವಸರ ಬೇಡಿ. ಮಗುನ ಅದರ ತಾಯಿ ಆಗ್ಲೇ ಕರ್ಕೊಂಡು ಹೋದ್ರು. ಗುರುತಿನ ಚೀಟಿ ತೋರಿಸಿದ್ರು, ಮುಖ ಸರಿ ಇತ್ತು, ಕೊಟ್ಟು ಕಳಿಸಿದ್ವಿ."

"ಕರ್ಕೊಂಡು ಹೋದ್ರಾ? ಯಾರು?"

"ಗೆರ್ಲಿನ್ ಅವ್ರು. ನಮಗೆ ತೊಂದರೆ ಆಗಿರೋದು ಬೇರೆ. ಇಲ್ಲೊಬ್ಬಳು ಮಂಚ ಬಿಟ್ಟು ಏಳ್ತಾ ಇಲ್ಲ. ಮಗು ನಂದು ಅಂತಾಳೆ. ಅಳ್ತಾಳೆ. ಅವಳ ಹೆಸರಲ್ಲಿ ನಮ್ಮಲ್ಲಿ ಒಂದು ಹಾಳೆಯೂ ಇಲ್ಲ. ಇವಳು ಮಗುಗೆ ಏನಾಗ್ಬೇಕು?"

"ತಾಯಿ! ಅವಳೇ ತಾಯಿ ಮೇಡಂ!"

"ಕಾಗದ ಹಾಗೆ ಹೇಳಲ್ಲ. ದೊಡ್ಡಮ್ಮ ಅಂತ ಬರ್ಕೊಳ್ಳಲಾ? ಇಲ್ಲಾ ನೆರೆಮನೆಯವಳು ಅಂತ್ಲಾ?"

ಅನೆಲ್ ಎದ್ದು ನಿಂತಿದ್ದ. ಸುತ್ತಲಿನವರ ಊಟ ನಿಂತಿತ್ತು. ನಾಲ್ಕು ಅಂತಸ್ತಿನ ಕಟ್ಟಡಕ್ಕೆಲ್ಲ ಕೇಳುವಂತೆ ಅವನು ಕೂಗಿದ. "ಅವಳ ಹೆಸರು ಮಿರ್ಲಾಂದ್! ಮಿರ್ಲಾಂದ್ ಸೆಂಟಿಲೂಸ್! ಗೊನಾಯಿವ್ ಊರಿನವಳು! ಮಗು ಅವಳದು! ಅವಳೇ ಹೆತ್ತಿರೋದು!"

ಆ ಕಡೆ ದನಿ ಬದಲಾಯಿತು.

"ನಾನು ಕಣೋ, ಫಿಲೊಮಿಸ್. ಮಿರ್ಲಾಂದ್ ಇಲ್ಲೇ ನನ್ನ ಪಕ್ಕದಲ್ಲಿದ್ದಾಳೆ, ಮಗು ಅವಳ ಹೊಟ್ಟೇಲೇ ಇದೆ. ಹೆದರಿಸಿದ್ದು ನನ್ನ ತಪ್ಪು. ಆದ್ರೆ ಇಷ್ಟು ಜೋರಾಗಿ ಅವಳ ಹೆಸರು ಹೇಳೋಕೆ ಬರತ್ತಲ್ಲ ನಿಂಗೆ, ಆಸ್ಪತ್ರೆ ಬಾಗಿಲಲ್ಲೂ ಅದನ್ನೇ ಹೇಳು."

ಅನೆಲ್ ಫೋನು ಇಟ್ಟ. ಅರ್ಧ ದಿನದ ಕೆಲಸ ಬಿಟ್ಟು ಮನೆಗೆ ನಡೆದ. ಅಂಗಳದಲ್ಲಿ ಫಿಲೊಮಿಸ್, ಗೆರ್ಲಿನ್, ಮಿರ್ಲಾಂದ್ ಮೂವರೂ ಇದ್ದರು. ಅವನು ಯಾರನ್ನೂ ನೋಡದೆ ನೀರಿನ ಪೀಪಾಯಿಯ ಪಕ್ಕ ಕೂತ.

"ಬೈಯೋದಿದ್ರೆ ನನ್ನನ್ನ ಬೈ," ಎಂದಳು ಮಿರ್ಲಾಂದ್. "ಹೀಗೆ ಫೋನ್ ಮಾಡ್ಲಾ ಅಂತ ಫಿಲೊಮಿಸ್ ಅಕ್ಕ ಕೇಳಿದ್ಲು, ನಾನೇ ಮಾಡು ಅಂದೆ. ನೀನು ನನ್ನನ್ನ ಒಂದು ಸಲನೂ ಕೇಳ್ಲಿಲ್ಲ. ಗೆರ್ಲಿನ್ ಹೆಸರಿಟ್ಕೊಂಡು ಆ ಮಂಚದ ಮೇಲೆ ಮಲಗೋಕೆ ನಂಗೆ ಭಯ."

ಅನೆಲ್ ಪೀಪಾಯಿಯಿಂದ ನೀರು ಮೊಗೆದು ಕುಡಿದು ಬಾಯಿ ಬಿಟ್ಟ.

"ಆರನೇ ಕ್ಲಾಸಿನ ಪರೀಕ್ಷೇಲಿ ನಾನು ಶಾಲೆಗೇ ಮೊದಲು. ಬರೆದಿದ್ದು ಮಾವನ ಮಗನ ಕಾಗದದಲ್ಲಿ. ಪ್ರಮಾಣಪತ್ರ ಅವನ ಹೆಸರಲ್ಲಿ ಬಂತು. ಮಾವ ಅದಕ್ಕೆ ಚೌಕಟ್ಟು ಹಾಕಿಸಿ ಅವ್ರ ಮನೆ ಗೋಡೆಗೆ ಹಾಕಿದ್ರು. ಹಬ್ಬಕ್ಕೆ ಹೋದಾಗೆಲ್ಲ ಅದರ ಕೆಳಗೆ ಕೂತು ಊಟ ಮಾಡಿದ್ದೀನಿ. ಮುಂದಿನ ಶಾಲೆಗೆ ಸೇರೋಕೆ ನನ್ನ ಹತ್ರ ಏನೂ ಇರ್ಲಿಲ್ಲ. ಕರಣೆ ಹಿಡಿದೆ."

ಅವನು ಒಳಗೆ ಹೋಗಿ ಕಾರ್ಡನ್ನು ತಂದು ಗೆರ್ಲಿನ್‌ಗೆ ಚಾಚಿದ.

"ಸದ್ಯ, ಬದುಕಿದೆ!" ಎಂದಳು ಗೆರ್ಲಿನ್. "ನಾಳೆ ಕಾರ್ಖಾನೆಯವ್ರು ಕೇಳಿದ್ರೆ ಏನಂತಿದ್ದೆ? ಹೆರಿಗೆ ದಿನವೂ ಇಲ್ಲೇ ಟಿವಿ ಜೋಡಿಸ್ತಿದ್ದೆ, ಹೆತ್ತಿದ್ದು ನೆನಪಿಲ್ಲ ಅಂತಲಾ?"

ಮೊದಲು ನಕ್ಕವನು ಅನೆಲ್. ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡ.

ಹತ್ತು ದಿನಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು, ಸೊಲಾಂಜ್ ಎಂದು ಕರೆದರು. ಚೀಟಿಯಲ್ಲಿ ತಾಯಿಯ ಹೆಸರನ್ನು ಫಿಲೊಮಿಸ್ ಎರಡು ಸಲ ಓದಿ ನೋಡಿದಳು. ಬಾಣಂತನದ ಸ್ನಾನಗಳು ಮುಗಿದ ಮೇಲೆ ಅದನ್ನು ಒಯ್ದು ಜನನ ನೋಂದಣಿ ಮಾಡಿಸಿದರು. ಹೊಸ ಪಾಸ್‌ಪೋರ್ಟಿಗಾಗಿ ಹೈಟಿಯ ರಾಯಭಾರ ಕಚೇರಿಗೆ ಬರೆದು ನಾಲ್ಕು ತಿಂಗಳು ಕಾದರು. ದಾರಿಯಲ್ಲಿ ಒಬ್ಬ ದಲ್ಲಾಳಿ "ಕಾಗದ ಮಾಡಿಸೋ ಕೆಲಸ ನಂಗೆ ಕೊಡಿ, ಒಂದೇ ವಾರ" ಎಂದ. ಅನೆಲ್ ನಿಲ್ಲದೆ ನಡೆದ.

ವಲಸೆ ಕಚೇರಿಯಲ್ಲಿ ಗಾಜಿನ ಹಿಂದಿನ ಅಧಿಕಾರಿ ಮಗುವಿನ ಜನನ ಪತ್ರ ನೋಡಿದಳು, ಪಾಸ್‌ಪೋರ್ಟ್ ನೋಡಿದಳು, ಮಿರ್ಲಾಂದ್‌ಳ ಮುಖ ನೋಡಿದಳು.

"ಮಗುಗೆ ನೀವೇನಾಗ್ಬೇಕು?"

ಫಿಲೊಮಿಸ್ ಭಾಷೆ ತಿರುಗಿಸಲು ಮುಂದೆ ಬಾಗಿದಳು. ಮಿರ್ಲಾಂದ್ ಕಾಯಲಿಲ್ಲ.

"ಅಮ್ಮ," ಎಂದಳು.

ಅಧಿಕಾರಿ ಹೆಸರಿನ ಕೆಳಗೆ ಬೆರಳಾಡಿಸಿದಳು. ಹಾಳೆಯಲ್ಲೂ ಅದೇ ಇತ್ತು. ಅರ್ಜಿ ತೆಗೆದುಕೊಂಡು ಮೊಹರು ಒತ್ತಿದಳು. ಏಳು ವಾರಕ್ಕೆ ಅಪ್ಪ ಅಮ್ಮ ಇಬ್ಬರಿಗೂ ವಾಸದ ಕಾರ್ಡು ಬಂತು. ಆ ದಿನ ಅನೆಲ್ ಗುಡ್ಡದ ಕೆಳಗಿನ ಪೊಲೀಸ್ ಚೌಕಿಯ ಮುಂದಿನಿಂದಲೇ ಮನೆಗೆ ಬಂದ. ಮೂರು ವರ್ಷದಿಂದ ಸುತ್ತುಬಳಸಿನ ಹಾದಿ ಹಿಡಿಯುತ್ತಿದ್ದವನು ಅವನು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಪರದೇಶದಲ್ಲಿ ನಿಮ್ಮ ಮನೆಗೂ ಒಂದು ಮಗು ಬರುವುದಿದ್ದರೆ ಇದನ್ನು ಮನಸ್ಸಿನಲ್ಲಿಡಿ. ಆಸ್ಪತ್ರೆಗೆ ನಿಮ್ಮದೇ ಹೆಸರಿನಲ್ಲಿ ಹೋಗಿ, ಇರುವ ಗುರುತಿನ ಕಾಗದ ಹಳೆಯದಾದರೂ ಜೊತೆಗಿರಲಿ. ಅಲ್ಲಿ ಕೊಟ್ಟ ಚೀಟಿಯನ್ನು ಹೊರಡುವ ಮೊದಲೇ ಓದಿಸಿ ನೋಡಿ. ತಡಮಾಡದೆ ಜನನ ನೋಂದಣಿ ಮಾಡಿಸಿ. ನಿಯಮ ದೇಶದಿಂದ ದೇಶಕ್ಕೆ ಬೇರೆ. ಮಗು ಹುಟ್ಟಿದ್ದಕ್ಕೇ ಎಲ್ಲ ಕಡೆ ತಂದೆತಾಯಿಗೆ ವಾಸದ ಹಕ್ಕು ಸಿಗುವುದಿಲ್ಲ. ಎಲ್ಲಿ ಸಿಗುತ್ತದೋ ಅಲ್ಲಿ ಕೇಳಿ ತಿಳಿದು, ನೀವೇ ಅರ್ಜಿ ಹಾಕಿ. ನಂಟರ ಕಾರ್ಡನ್ನು ನಂಟರಿಗೇ ಬಿಡಿ. ಹೆರುವ ನೋವು ನಿಮ್ಮದು, ಕಾಗದದ ಮೇಲಿನ ಹೆಸರೂ ನಿಮ್ಮದೇ ಆಗಿರಲಿ.