ಮೂರನೆಯ ಕಾಫಿ

ಮುದುಕರ ಮನೆಗಳನ್ನು ಅವರ ಮೊಣಕಾಲಿಗೆ ಒಗ್ಗಿಸಿ ಕೊಡುವುದು ನನ್ನ ಕಸುಬು. ಟ್ರಾವ್ನಿಕ್ ಊರಿನಲ್ಲಿ ನಾನು ಹಿಡಿಕೆ ಹಾಕಿಸದ ಬಚ್ಚಲು ಕಡಿಮೆ. ನನ್ನ ಸೋದರತ್ತೆ ಹಾಯ್ರಿಯಾ ಕೂಡ ಬಚ್ಚಲಿಗೆ ಹಿಡಿಕೆ ಹಾಕಿಸಿಕೊಂಡಳು, ಎಡವುವ ಹೊಸ್ತಿಲು ತೆಗೆಸಿದಳು, ಅಡುಗೆಮನೆಯ ಕಪಾಟನ್ನು ಕೈಗೆಟುಕುವಷ್ಟು ಇಳಿಸಲೂ ಬಿಟ್ಟಳು. ಕಾಫಿ ಕೋಣೆಯ ಸೆಚಿಯಾ ಹತ್ತಿರ ಅಳತೆಪಟ್ಟಿ ಹಿಡಿದು ಹೋದಾಗ ಮಾತ್ರ ಮುಖ ಗಂಟಿಕ್ಕಿದಳು.

ಸೆಚಿಯಾ ಅಂದರೆ ಮೂರು ಗೋಡೆಗುಂಟ ಹಾಕಿದ ಮರದ ಪೀಠ, ಮೇಲೆ ಉಣ್ಣೆಯ ಹಾಸು. ನೆಲದಿಂದ ಗೇಣಿಗಿಂತ ತುಸು ಎತ್ತರ, ಅಷ್ಟೇ. ತೀರಿಹೋದ ಮಾವ ಕೈಯಾರೆ ಮಾಡಿದ್ದು.

“ಅದನ್ನ ಮುಟ್ಟಬೇಡ ಅಲ್ಮಾಸಾ. ಎತ್ತರ ಮಾಡಿದ್ರೆ ಆಸ್ಪತ್ರೆ ಮಂಚ ಆಗುತ್ತೆ.”

“ನಿನಗೇ ಅದರಲ್ಲಿ ಕೂತು ಏಳಕ್ಕಾಗಲ್ವಲ್ಲ ಅತ್ತೆ.”

“ನಾನು ಕೂತಿದ್ದು ಯಾವಾಗ ನೋಡಿದೀಯ? ಮನೆಯೊಡತಿ ಕೂರಲ್ಲ, ಬಡಿಸ್ತಾಳೆ.”

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಿಲ್ಲ ಅನ್ನುವ ಜಾತಿ ನಮ್ಮತ್ತೆ. ನನಗೆ ನಗು ಬಂತು, ಬೇಸರವೂ ಆಯಿತು. ಯಾಕೆಂದರೆ ಬಡಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಎದುರುಮನೆಯ ರಾಝಿಯಾ, ಮದುವೆಯಾಗಿ ಈ ಬೀದಿಗೆ ಬಂದಾಗಿನಿಂದ ದಿನಾ ಬೆಳಿಗ್ಗೆ ಕಾಫಿಗೆ ಬರುತ್ತಿದ್ದವಳು, ಚಳಿಗಾಲ ಕಳೆದ ಮೇಲೆ ಇತ್ತ ತಲೆ ಹಾಕಿರಲಿಲ್ಲ. ಅತ್ತೆ ಈಗಲೂ ಎರಡು ಬಟ್ಟಲು ಜೋಡಿಸಿ, ಒಂದನ್ನು ಬಳಸದೆಯೇ ತೊಳೆದಿಡುತ್ತಿದ್ದಳು.

“ಏನಾಯ್ತು ನಿಮ್ಮಿಬ್ಬರಿಗೆ?”

“ನಂಗೇನು ಗೊತ್ತು? ಅವಳು ಬರದೇ ಇದ್ದಮೇಲೆ ಈ ಮನೆ ಎಷ್ಟು ರಿಪೇರಿ ಮಾಡಿದ್ರೂ ಒಂದೇ.”

ಅವಳ ದನಿ ಕೇಳಿ ನನಗೆ ತಡೆಯಲಾಗಲಿಲ್ಲ. ನೇರ ರಾಝಿಯಾಳ ಮನೆಗೆ ಹೋದೆ.

“ಅದು ಸೆಚಿಯಾ ಅಲ್ಲ ಮಗಳೇ, ಬಾವಿ,” ಅಂದಳು ರಾಝಿಯಾ. “ಇಳಿಯೋದು ಸುಲಭ. ಅವತ್ತು ಏಳಕ್ಕೆ ಹೋಗಿ ಮುಗ್ಗರಿಸಿದೆ. ಕೂಸಿನ ಹಾಗೆ ಅಂಬೆಗಾಲಲ್ಲಿದ್ದೆ. ನಿಮ್ಮತ್ತೆ ನೋಡಿದ್ಲು. ನೋಡಿ, ಬೆನ್ನು ತಿರುಗಿಸಿ ಒಳಗೆ ಹೋದ್ಲು. ವಾಪಸ್ ಬರುವಾಗ ಕೈಯಲ್ಲಿ ಏನಿತ್ತು ಗೊತ್ತಾ? ಮೂರನೇ ಕಾಫಿ.”

ಮುಂದಕ್ಕೆ ಅವಳು ಹೇಳಬೇಕಾಗಿರಲಿಲ್ಲ. ನಮ್ಮಲ್ಲಿ ಮೊದಲ ಕಾಫಿ ಬಂದವರನ್ನು ಬರಮಾಡಿಕೊಳ್ಳುವುದಕ್ಕೆ, ಎರಡನೆಯದು ಮಾತಿಗೆ. ಮೂರನೆಯದು ಬಂತೆಂದರೆ ಇನ್ನು ಹೊರಡು ಅಂತ ಅರ್ಥ.

ಅತ್ತೆಗೆ ಹೋಗಿ ಹೇಳಿದೆ. ಅವಳು ಅಡುಗೆಮನೆಯ ಕುರ್ಚಿಯ ಮೇಲೆ ಕುಸಿದಳು.

“ಅವಳಿಗೆ ನಾಚಿಕೆ ಆಗಬಾರದು ಅಂತ ಒಳಗೆ ಹೋದೆ ಕಣೆ. ಎತ್ತೋಣ ಅಂದ್ರೆ ನನ್ನ ಮೊಣಕಾಲೇ ನನ್ನ ಮಾತು ಕೇಳಲ್ಲ. ಬರಿಗೈಲಿ ವಾಪಸ್ ಬರಕ್ಕಾಗುತ್ತಾ? ಕಾಫಿ ತಂದೆ. ಎಷ್ಟನೇದು ಅಂತ ಯಾರು ಎಣಿಸಿದ್ರು?” ಏಪ್ರನ್ನಿನ ಅಂಚಿನಲ್ಲಿ ಕಣ್ಣೊರೆಸಿಕೊಂಡಳು. “ಎತ್ತರ ಮಾಡು. ರಾಝಿಯಾ ಮೊಣಕಾಲಿನ ಅಳತೆಗೆ ಮಾಡು.”

ಅಳತೆಗೆಂದು ರಾಝಿಯಾ ಸಲೀಸಾಗಿ ಕೂತೇಳುವ ಅವಳ ಮನೆಯ ಕುರ್ಚಿಯನ್ನೇ ಅಳೆದೆ. ಯಾಕೆಂದು ಕೇಳಿದಳು. ನಡೆದದ್ದೆಲ್ಲ ಹೇಳಿದೆ. “ಮುದಿ ಕತ್ತೆ,” ಅಂದಳು. ಅತ್ತೆಯನ್ನು ಬೈದಳೋ ತನ್ನನ್ನೇ ಬೈದುಕೊಂಡಳೋ ತಿಳಿಯಲಿಲ್ಲ.

ಮಾವನ ಮರಕ್ಕೆ ಗರಗಸ ತಾಗಿಸಲಿಲ್ಲ. ಪೀಠದಡಿ ಗಟ್ಟಿ ದಿಮ್ಮಿಗಳನ್ನು ಕೊಟ್ಟು, ಕುಸಿಯದಂಥ ಹಾಸು ಹಾಕಿ, ತುದಿಗಳಲ್ಲಿ ಕೈಯೂರಲು ಆಸರೆ ಕೂರಿಸಿದೆ. ಅತ್ತೆ ನೆಲ ಮುಟ್ಟುವಂತೆ ಕಸೂತಿ ಬಟ್ಟೆ ಇಳಿಬಿಟ್ಟು ದಿಮ್ಮಿಗಳನ್ನು ಮುಚ್ಚಿದಳು. ಆಸ್ಪತ್ರೆ ಮಂಚದ ಮಾತು ಮತ್ತೆ ಎತ್ತಲಿಲ್ಲ.

ರಾಝಿಯಾ ಬಂದಳು. ಆಸರೆಯ ಪಕ್ಕದಲ್ಲೇ ಕೂತಳು. ಮೊದಲ ಕಾಫಿಗೆ ಇಬ್ಬರೂ ಹವಾಮಾನದ ಮಾತಾಡಿದರು. ಎರಡನೆಯದಕ್ಕೆ ಬೀದಿಯವರನ್ನೆಲ್ಲ ಬೈದು ಮುಗಿಸಿದರು. ಆಮೇಲೆ ರಾಝಿಯಾ ಆಸರೆಗೆ ಕೈಯೂರಿ ತಾನಾಗಿಯೇ ಎದ್ದು ನಿಂತಳು. ತಟ್ಟೆ ಹಿಡಿದು ಬಾಗಿಲಲ್ಲಿದ್ದ ಅತ್ತೆಯ ಮುಖ ಬಿಳುಚಿತು.

“ಹೊರಟೆಯಾ?”

“ಇಲ್ವೇ. ಏಳಕ್ಕಾಗುತ್ತಾ ಅಂತ ನೋಡಿದೆ.” ರಾಝಿಯಾ ಮತ್ತೆ ಕೂತಳು. “ಮೂರನೇದು ಬರಲಿ. ಕುಡಿದ ಮೇಲೂ ಹೋಗಲ್ಲ, ಏನು ಮಾಡ್ತೀಯೋ ಮಾಡು. ನೀನೂ ಬಂದು ಕೂರು, ನಿಂತು ನಿಂತು ಯಾರಿಗೆ ತೋರಿಸ್ತಿದೀಯ?”

ಅತ್ತೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಮೆಲ್ಲಗೆ ಹೋಗಿ ಅವಳ ಪಕ್ಕ ಕೂತಳು. ಮೂರನೆಯ ಕಾಫಿ ನಾನೇ ಮಾಡಿ ತಂದೆ.